ಟಾಕಿ ಬಂದಾಗ ಮೂಕಿ ತಾರೆಯರಿಗೆ ಏನಾಯಿತು? ದನಿಯ ಪ್ರಶ್ನೆಯೋ, ಭಾಷೆಯ ಪ್ರಶ್ನೆಯೋ?

ಹಳೇ ರೀಲು

ಎಲ್ಲರಿಗೂ ನಮಸ್ಕಾರ. ಹೋದ ವಾರ ಇನ್ನೊಂದು ಚರ್ಚೆಯಲ್ಲಿ ಒಬ್ಬರು ಒಂದೇ ಸಾಲಲ್ಲಿ ಹೇಳಿ ಮುಗಿಸಿದ್ದರು: ಸಿನಿಮಾಕ್ಕೆ ಮಾತು ಬಂತು, ಮೂಕಿ ನಟರೆಲ್ಲ ಮನೆ ಸೇರಿದರು, ಯಾಕೆಂದರೆ ಅವರ ದನಿ ಚೆನ್ನಾಗಿರಲಿಲ್ಲ. ಆ ಸಾಲು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ನಮ್ಮ ದೇಶದ ಮಟ್ಟಿಗಂತೂ ಅದು ನಿಜವಲ್ಲ. ಇಲ್ಲಿ ಮೈಕು ಕೇಳಿದ್ದು ನಿನ್ನ ಮನೆಮಾತು ಯಾವುದು, ಹಿಂದೂಸ್ತಾನಿ ನಾಲಗೆ ಮೇಲೆ ಹೊರಳುತ್ತದಾ, ಹಾಡಲು ಬರುತ್ತದಾ ಅಂತ. ದನಿ ಹೇಗಿದೆ ಅನ್ನುವುದು ಅದೆಲ್ಲ ಆದಮೇಲೆ.

ಇಬ್ಬರ ಕತೆ ಹೇಳುತ್ತೇನೆ. ಒಬ್ಬರು ಸುಲೋಚನಾ. (ಮುಂದೆ ತಾಯಿ ಪಾತ್ರಗಳಲ್ಲಿ ಬಂದ ಮರಾಠಿಯ ಸುಲೋಚನಾ ಲಾಟ್ಕರ್ ಬೇರೆ, ಇವರು ಬೇರೆ.) ಮೂಲ ಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯ ಯೆಹೂದಿ ಮನೆತನದಲ್ಲಿ ಹುಟ್ಟಿದವರು. ಟೆಲಿಫೋನ್ ಆಪರೇಟರ್ ಆಗಿ ಕೆಲಸ ಮಾಡುತ್ತಿದ್ದಾಗ ಕೊಹಿನೂರ್ ಫಿಲ್ಮ್ ಕಂಪನಿಯ ಮೋಹನ್ ಭವನಾನಿ ಅವರನ್ನು ಸಿನಿಮಾಕ್ಕೆ ಕರೆದರು. ಆಮೇಲೆ ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿ ಸೇರಿ ದೇಶದಲ್ಲೇ ಅತಿ ಹೆಚ್ಚು ಸಂಬಳದ ತಾರೆಯಾದರು. ತಿಂಗಳಿಗೆ 5,000 ರೂಪಾಯಿ, ಮುಂಬಯಿ ಗವರ್ನರ್‌ಗಿಂತ ಹೆಚ್ಚು ಎಂದು ಜನ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. 1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಒಬ್ಬರೇ ಎಂಟು ವೇಷ ಹಾಕಿದರು. ತೋಟದ ಮಾಲಿ, ಪೊಲೀಸು, ಬಾಳೆಹಣ್ಣು ಮಾರುವವಳು ಎಲ್ಲ ಅವರೇ. ಎಂಟು ಜನರಾಗಿ ನಿಲ್ಲಬಲ್ಲ ನಟಿಗೆ ನಟನೆ ಬರುತ್ತಿರಲಿಲ್ಲ ಅಂತ ಯಾರು ಹೇಳಬಲ್ಲರು?

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 'ಆಲಂ ಆರಾ' ಬಂತು. ತೆಗೆದದ್ದು ಇದೇ ಇಂಪೀರಿಯಲ್, ಇದೇ ಇರಾನಿ. ನಾಯಕಿ ಮಾತ್ರ ಸುಲೋಚನಾ ಅಲ್ಲ, ಜುಬೇದಾ. ತನ್ನದೇ ಕಂಪನಿ ದೇಶದ ಮೊದಲ ಮಾತಿನ ಚಿತ್ರ ಮಾಡುವಾಗ ಅದರ ದೊಡ್ಡ ತಾರೆ ಹೊರಗೆ ಉಳಿದರು. ಆಮೇಲೆ ಅವರು ಮಾಡಿದ ಕೆಲಸ ಓದಿದರೆ ನನಗೆ ಇವತ್ತಿಗೂ ಗೌರವ ಉಕ್ಕುತ್ತದೆ. ಒಂದು ವರ್ಷ ಸಿನಿಮಾ ಬಿಟ್ಟು ಕೂತು ಹಿಂದೂಸ್ತಾನಿ ಕಲಿತರು. ತಾರೆಯಾಗಿದ್ದವರು ಪಾಟಿ ಹಿಡಿದು ಅ ಆ ಇ ಈಯಿಂದ ಶುರು ಮಾಡಿದ ಹಾಗೆ.

ಇನ್ನೊಬ್ಬರು ಮಾಸ್ಟರ್ ವಿಠ್ಠಲ್. ಕತ್ತಿವರಸೆ, ಕುದುರೆ, ಕೋಟೆಗೋಡೆಯಿಂದ ನೆಗೆತ. ಶಾರದಾ ಕಂಪನಿಯ ಸಾಹಸ ಚಿತ್ರಗಳಲ್ಲಿ ಜನ ಸಿಳ್ಳೆ ಹೊಡೆದದ್ದು ಇವರಿಗೆ. 'ಆಲಂ ಆರಾ'ದ ನಾಯಕನಾಗಲು ಶಾರದಾ ಬಿಟ್ಟು ಬಂದಾಗ ಆ ಕಂಪನಿ ಕೋರ್ಟಿಗೆ ಹೋಯಿತು. ವಿಠ್ಠಲ್ ಪರವಾಗಿ ವಾದಿಸಿದವರು ಮೊಹಮ್ಮದ್ ಅಲಿ ಜಿನ್ನಾ. ಕೇಸು ಗೆದ್ದರು. ಗೆದ್ದು ಬಂದು ಮೈಕಿನ ಮುಂದೆ ನಿಂತರೆ ಉರ್ದು ಉಚ್ಚಾರಣೆ ಕೈಕೊಟ್ಟಿತು. ಕೊನೆಗೆ ಚಿತ್ರದ ಬಹುಭಾಗದಲ್ಲಿ ನಾಯಕನನ್ನು ಮಂಪರಿನಲ್ಲಿ, ಅರೆಪ್ರಜ್ಞೆಯಲ್ಲಿ ಇಟ್ಟರು, ಮಾತು ಕಡಿಮೆಯಾಗಲಿ ಅಂತ. ಭಾರತದ ಮೊದಲ ಟಾಕಿಯ ನಾಯಕ ಮಾತಾಡದೆ ಉಳಿದ ಕತೆ ಇದು.

ಈ ವಿಷಯ ತಿಳಿದವರು, ಮನೆಯಲ್ಲಿ ಹಿರಿಯರಿಂದ ಕೇಳಿದವರು ಬರೆಯಿರಿ.

ಅಂಕದ ಪರದೆ

ಒಳ್ಳೆ ಚರ್ಚೆ ತೆಗೆದಿದ್ದೀರಿ ಸರ್. ಆದರೆ ನಾನು ಸ್ವಲ್ಪ ಬೇರೆ ಹೇಳಬೇಕು. ನಾನು ಹವ್ಯಾಸಿ ರಂಗಭೂಮಿಯವನು, ಕಂಪನಿ ನಾಟಕದವರ ಜೊತೆ ಬೆಳೆದವನು. ಪ್ರತಿಭೆ ಇದ್ದವರು ಉಳಿದರು ಅನ್ನುವುದನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಜುಬೇದಾ ಸ್ವತಃ ಮೂಕಿ ತಾರೆಯೇ ಅಲ್ಲವೇ? ರಂಜಿತ್ ಕಂಪನಿಯ ಗೋಹರ್ ಉಳಿದರು. 'ಆಲಂ ಆರಾ'ದಲ್ಲೇ ಇದ್ದ ಪೃಥ್ವಿರಾಜ್ ಕಪೂರ್ ಮೂಕಿಯಿಂದಲೇ ಬಂದು ಮುಂದೆ ದನಿಗೇ ಹೆಸರಾದರು.

ನಮ್ಮ ಕಡೆ ನೋಡಿದರೆ ವೈ.ವಿ. ರಾವ್. ನೆಲ್ಲೂರಿನವರು, ಮನೆಮಾತು ತೆಲುಗು, ಮೂಕಿ ಚಿತ್ರಗಳ ನಟ. ತೆರೆಗೆ ಬಂದ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ವನ್ನು ನಿರ್ದೇಶಿಸಿದ್ದು ಅವರು, ಅದರಲ್ಲಿ ಲಕ್ಷ್ಮಣನ ಪಾತ್ರ ಮಾಡಿದ್ದೂ ಅವರೇ. ಮೂರು ವರ್ಷ ಕಳೆದು ತಮಿಳಿನಲ್ಲಿ 'ಚಿಂತಾಮಣಿ' ಮಾಡಿ ಗೆದ್ದರು. ಹಾಗಾಗಿ ಭಾಷೆ ಬಾರದವರೆಲ್ಲ ಮುಳುಗಿದರು ಅನ್ನಲಾಗದು.

ಹಳೇ ರೀಲು

ಅಂಕದ ಪರದೆ ಸರ್, ವೈ.ವಿ. ರಾವ್ ವಿಷಯ ನೆನಪಿಸಿದ್ದಕ್ಕೆ ಧನ್ಯವಾದ. ಆದರೆ ಅದೇ ಚಿತ್ರದ ಉಳಿದವರನ್ನು ನೋಡಿ. ರಾವಣನಾಗಿ ಆರ್. ನಾಗೇಂದ್ರರಾವ್, ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ. ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಹೆಚ್ಚಿನವರು ರಂಗದಿಂದ ಬಂದವರು. ಬೆಂಗಳೂರಿನಲ್ಲಿ ಅದಕ್ಕೆ ಮೊದಲು ಮೂಕಿ ಚಿತ್ರಗಳು ತಯಾರಾಗುತ್ತಿದ್ದವು. ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಇತ್ತು, ಗುಬ್ಬಿ ವೀರಣ್ಣನವರೂ ಮೂಕಿ ಚಿತ್ರ ಮಾಡಿದ್ದರು. ಆ ಮೂಕಿ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದವರ ಹೆಸರು ಆಮೇಲಿನ ಕನ್ನಡ ಟಾಕಿಗಳಲ್ಲಿ ನನಗೆ ಹೆಚ್ಚು ಕಾಣಿಸುವುದಿಲ್ಲ. ಕಾಣುವುದೆಲ್ಲ ಕಂಪನಿ ನಾಟಕದವರ ಹೆಸರು.

ಅಂಕದ ಪರದೆ

ಅದು ಒಪ್ಪಿದೆ. ಅದಕ್ಕೆ ಕಾರಣ ಹೇಳುತ್ತೇನೆ ಕೇಳಿ, ಇದು ನನ್ನ ಕ್ಷೇತ್ರ. ಆಗ ಹಿನ್ನೆಲೆ ಗಾಯನ ಎಂಬುದೇ ಇರಲಿಲ್ಲ. ಅದು ಶುರುವಾದದ್ದು 1935ರಲ್ಲಿ, ಕಲ್ಕತ್ತದ ನ್ಯೂ ಥಿಯೇಟರ್ಸ್‌ನಲ್ಲಿ ನಿತಿನ್ ಬೋಸ್ ಅವರ ಚಿತ್ರದಿಂದ. ಅಲ್ಲಿಯವರೆಗೆ ನಟ ನಿಂತ ಜಾಗದಲ್ಲಿ ತಾನೇ ಹಾಡಬೇಕು, ವಾದ್ಯದವರು ಕ್ಯಾಮೆರಾಕ್ಕೆ ಕಾಣದ ಹಾಗೆ ಮರದ ಮರೆಯಲ್ಲೋ ಗೋಡೆಯ ಹಿಂದೆಯೋ ಕೂತು ನುಡಿಸಬೇಕು. ಆ ಕಾಲದ ಹಾಡುಗಳ ಲೆಕ್ಕ ನೋಡಿ, 'ಆಲಂ ಆರಾ'ದಲ್ಲಿ ಏಳು. ಮರುವರ್ಷ ಮದನ್ ಥಿಯೇಟರ್ಸ್‌ನ 'ಇಂದ್ರಸಭಾ'ದಲ್ಲಿ ಸುಮಾರು 70! ನಾಯಕ ನಾಯಕಿ ಮಾಸ್ಟರ್ ನಿಸಾರ್ ಮತ್ತು ಕಜ್ಜನ್, ಇಬ್ಬರೂ ಹಾಡುಗಾರರು, ರಂಗದಿಂದ ಬಂದವರು.

ಕಂಪನಿ ನಾಟಕದವನಿಗೆ ಇದು ನೀರು ಕುಡಿದಷ್ಟು ಸುಲಭ. ಕಂದ, ವೃತ್ತ, ಸೀಸಪದ್ಯ ಎಲ್ಲ ಬಾಯಿಪಾಠ. ರಾತ್ರಿಯಿಡೀ ಹಾಡಿದರೂ ಗಂಟಲು ನಿಲ್ಲುತ್ತದೆ. ಒಂದೇ ಬಾರಿಗೆ ಹತ್ತು ನಿಮಿಷದ ಸಂಭಾಷಣೆ ತಪ್ಪಿಲ್ಲದೆ ಹೇಳುತ್ತಾನೆ. ಮೂಕಿ ನಟ ಅಷ್ಟು ದಿನ ಮಾಡಿದ್ದು ಬೇರೆಯದೇ ವಿದ್ಯೆ. ನಿರ್ದೇಶಕ ಪಕ್ಕದಲ್ಲಿ ನಿಂತು 'ಈಗ ತಿರುಗು, ಈಗ ಅಳು' ಎಂದು ಕೂಗುತ್ತಿದ್ದ, ಇವನು ಕಣ್ಣು, ಹುಬ್ಬು, ಬೆರಳಲ್ಲಿ ಹೇಳುತ್ತಿದ್ದ. ಆ ವಿದ್ಯೆ ಕಡಿಮೆಯದೇನಲ್ಲ. ಆದರೆ ಒಂದೇ ದಿನದಲ್ಲಿ ಅದನ್ನು ಕೊಳ್ಳುವವರು ಇಲ್ಲದಂತಾಯಿತು.

ಧಾರವಾಡದ ಓದುಗ

ನಮಸ್ಕಾರ್ರಿ ಎಲ್ಲಾರಿಗೂ. ನಟರ ಮಾತು ನಡದೈತಿ, ನಡುವ ಬಂದು ಬ್ಯಾರೇದವರ ಸುದ್ದಿ ಹೇಳ್ತೀನಿ, ತಪ್ಪು ತಿಳಕೋಬ್ಯಾಡ್ರಿ.

ನಮ್ಮ ಮುತ್ತಜ್ಜ ಮೂಕಿ ಸಿನಿಮಾದಾಗ ಪೇಟಿ ಬಾರಸ್ತಿದ್ದಾ. ಡೇರೆ ಸಿನಿಮಾ. ಪಡದೇದ ಮುಂದ ಒಂದು ಬದಿಗೆ ಪೇಟಿ, ಅದರ ಬಾಜೂ ತಬಲಾ. ಇನ್ನೊಬ್ಬಾವ ಎದ್ದು ನಿಂತು ಕತಿ ಹೇಳಾವ. ನಡನಡುವ ಇಂಗ್ಲಿಷ್, ಹಿಂದಿ, ಗುಜರಾತಿ ಅಕ್ಷರ ಬರ್ತಿದ್ದುವಲ್ರಿ, ಅವನ್ನ ಓದಾಕ ಬರೂದು ಊರಾಗ ಎಷ್ಟು ಮಂದಿಗೆ? ಅವಾ ಕನ್ನಡದಾಗ ಹೇಳಾಂವ. ರಾಕ್ಷಸ ಬಂದ್ರ ದನಿ ದಪ್ಪ ಮಾಡಾಂವ, ಸೀತಿ ಬಂದ್ರ ಸಣ್ಣ ಮಾಡಾಂವ. ನಮ್ಮ ಅಜ್ಜಿ ಹೇಳಾಕಿ, ಮಂದಿ ಸಿನಿಮಾಕ್ಕಿಂತ ಅವನ ಮಾತಿಗೆ ಬರ್ತಿದ್ರು ಅಂತ.

ಟಾಕಿ ಬಂತು, ಡೇರೇದವರು ಮಷೀನ್ ತರಿಸಿದ್ರು, ಇಬ್ಬರಿಗೂ ಕೆಲಸ ಹೋತು. ನಟರಿಗರ ವರ್ಷ ಆರು ತಿಂಗಳ ಟೈಮ್ ಇತ್ತು. ನಮ್ಮ ಮುತ್ತಜ್ಜಗ ಆಟದ ಹಿಂದಿನ ದಿನ ಹೇಳಿದ್ರಂತ, ನಾಳಿಂದ ಬರೂದು ಬ್ಯಾಡ ಅಂತ. ಆಮ್ಯಾಲ ಅವಾ ಭಜನೀಗೆ ಬಾರಿಸಿದ, ಹುಡುಗೋರಿಗೆ ಪಾಠ ಹೇಳಿದ, ಸಿನಿಮಾಕ್ಕ ಮಾತ್ರ ಒಮ್ಮಿನೂ ಹೋಗಲಿಲ್ಲ. ಹಾಡಿನ ಸಿನಿಮಾ ಊರಿಗೆ ಬಂದ್ರೂ ಹೋಗಲಿಲ್ಲ.

ಮಾಸ್ಟರ್ ವಿಠ್ಠಲ್ ಅವರ ಹೆಸರು ನಮ್ಮ ಮನ್ಯಾಗ ಬರ್ತಿತ್ತು, ಅದಕ್ಕ ಬರಿಯೂ ಮನಸಾತು.

ಕಂಠದಾನ

ಧಾರವಾಡದ ಓದುಗರೇ, ನಿಮ್ಮ ಮುತ್ತಜ್ಜನ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ತಪ್ಪು ತಿಳಿಯುವ ಮಾತೆಲ್ಲಿ, ಇದು ಅವರ ಚರ್ಚೆಯೂ ಹೌದು.

ನಾನು ಬೆಂಗಳೂರಿನಲ್ಲಿ ಡಬ್ಬಿಂಗ್ ಕಲಾವಿದೆ. ಕನ್ನಡ ಬಾರದ ನಾಯಕಿಯರಿಗೆ ಹದಿನಾಲ್ಕು ವರ್ಷದಿಂದ ದನಿ ಕೊಡುತ್ತಿದ್ದೇನೆ. ಈ ಚರ್ಚೆ ಓದುವಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು: ಸುಲೋಚನಾ ಇವತ್ತು ಇದ್ದಿದ್ದರೆ ಒಂದು ದಿನವೂ ಮನೆಯಲ್ಲಿ ಕೂರಬೇಕಿರಲಿಲ್ಲ. ಅವರು ತುಟಿ ಆಡಿಸಿದ್ದರೆ ನನ್ನಂಥವಳು ಮಾತಾಡುತ್ತಿದ್ದಳು. ಆಗ ಯಾಕೆ ಹಾಗೆ ಮಾಡಲಿಲ್ಲ? ತಾಂತ್ರಿಕವಾಗಿ ಸಾಧ್ಯವಿರಲಿಲ್ಲವೇ? ಬಲ್ಲವರು ಹೇಳಿ.

ಹಳೇ ರೀಲು

ಸಾಧ್ಯವಿರಲಿಲ್ಲ ಮೇಡಂ. 'ಆಲಂ ಆರಾ' ತೆಗೆದದ್ದು ಟಾನಾರ್ ಎಂಬ ಯಂತ್ರದಲ್ಲಿ. ಚಿತ್ರ ಮತ್ತು ಶಬ್ದ ಎರಡೂ ಅದೇ ಹೊತ್ತಿಗೆ ಒಂದೇ ಫಿಲ್ಮಿನ ಮೇಲೆ ಬೀಳುತ್ತವೆ. ದನಿಯನ್ನು ಬೇರೆಯಾಗಿ ತೆಗೆದು ಬೇರೆ ಕೂಡಿಸುವ ಮಾತೇ ಇಲ್ಲ. ಕತ್ತರಿ ಹಾಕಿದರೆ ಎರಡಕ್ಕೂ ಒಟ್ಟಿಗೆ ಬೀಳುತ್ತದೆ. ಶಬ್ದನಿರೋಧಕ ಗೋಡೆಯೂ ಇರಲಿಲ್ಲ. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ರೈಲಿನ ಓಡಾಟ ನಿಂತ ಮೇಲೆ, ರಾತ್ರಿ ಒಂದರಿಂದ ನಾಲ್ಕರವರೆಗೆ ಶೂಟಿಂಗ್. ಮೈಕುಗಳನ್ನು ನಟರ ಹತ್ತಿರ ಕಾಣದ ಹಾಗೆ ಬಚ್ಚಿಡುತ್ತಿದ್ದರು.

ಇದನ್ನು ವಿಠ್ಠಲ್ ಅವರ ಜಾಗದಲ್ಲಿ ನಿಂತು ಯೋಚಿಸಿ. ನಿನ್ನೆಯವರೆಗೆ ಹಗಲು ಬೆಳಕಿನಲ್ಲಿ ಬಯಲಲ್ಲಿ ಕುದುರೆ ಓಡಿಸಿದವನು. ಈಗ ನಡುರಾತ್ರಿ, ದೀಪದ ಧಗೆಯಲ್ಲಿ, ಬಚ್ಚಿಟ್ಟ ಮೈಕಿನಿಂದ ಒಂದು ಹೆಜ್ಜೆ ಆಚೆ ಹೋಗುವ ಹಾಗಿಲ್ಲ. ನೆಗೆದರೆ ಸದ್ದು, ಕತ್ತಿ ಎಳೆದರೆ ಸದ್ದು. ಅವರ ದೇಹವೇ ಅವರ ಭಾಷೆಯಾಗಿತ್ತು. ಮೊದಲು ಅದನ್ನು ಕಟ್ಟಿಹಾಕಿ, ಆಮೇಲೆ ಉರ್ದು ಮಾತಾಡು ಅಂದರು.

ಅದೇ ವಿಠ್ಠಲ್ ಮುಂದೆ ಮರಾಠಿ ಚಿತ್ರಗಳಲ್ಲಿ ದಶಕಗಟ್ಟಲೆ ನಟಿಸಿದರು. ಭಾಲಜಿ ಪೆಂಢಾರಕರ್ ಅವರ ಚಿತ್ರಗಳಲ್ಲಿ ಬಂದರು. ತನ್ನ ಮಾತಿನ ಊರಿಗೆ ವಾಪಸು ಬಂದಾಗ ಅದೇ ಗಂಟಲು ಸರಿಯಾಗಿಯೇ ಕೆಲಸ ಮಾಡಿತು. ನಾನು ಮೊದಲು ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕಿಲ್ಲ.

ಸಾಗರದಾಚೆ

ಅಮೆರಿಕದಲ್ಲಿ ಹಳೆಯ ಚಿತ್ರಗಳನ್ನು ತೋರಿಸುವ ಒಂದು ಸಣ್ಣ ಥಿಯೇಟರ್‌ನಲ್ಲಿ ಸ್ವಯಂಸೇವಕನಾಗಿದ್ದೇನೆ. ದನಿಯ ಪುಕಾರು ಹುಟ್ಟಿದ್ದೇ ಇಲ್ಲಿ, ಆದ್ದರಿಂದ ಜಾನ್ ಗಿಲ್ಬರ್ಟ್ ಬಗ್ಗೆ ಬರೆಯಲೇಬೇಕು.

1927ರ ಅಕ್ಟೋಬರ್ 6ರಂದು ವಾರ್ನರ್ ಬ್ರದರ್ಸ್‌ನ 'ದ ಜಾಜ್ ಸಿಂಗರ್' ಬಂತು, ನಟರ ಮಾತು ಕೇಳಿಸಿದ ಮೊದಲ ಪೂರ್ಣಪ್ರಮಾಣದ ಚಿತ್ರ. ಆ ಹೊತ್ತಿಗೆ ಎಂ.ಜಿ.ಎಂ. ಕಂಪನಿಯ ದೊಡ್ಡ ಪ್ರಣಯನಾಯಕ ಗಿಲ್ಬರ್ಟ್. ಒಂದು ಚಿತ್ರಕ್ಕೆ ಎರಡೂವರೆ ಲಕ್ಷ ಡಾಲರ್ ಒಪ್ಪಂದ. 1929ರಲ್ಲಿ 'ಹಿಸ್ ಗ್ಲೋರಿಯಸ್ ನೈಟ್' ಬಂದಾಗ ಪ್ರೇಮದೃಶ್ಯದಲ್ಲಿ ಜನ ನಕ್ಕರು. ಅಲ್ಲಿಂದ ಹೆಣ್ಣುದನಿ, ಕೀರಲು ದನಿ ಎಂಬ ಕತೆ ಹಬ್ಬಿತು. ಕಂಪನಿಯ ಮುಖ್ಯಸ್ಥ ಲೂಯಿ ಮೇಯರ್‌ಗೆ ಅವನ ಮೇಲೆ ಹಗೆಯಿತ್ತು, ಬೇಕೆಂದೇ ದನಿ ಕೆಡಿಸಿದರು ಎಂಬ ಇನ್ನೊಂದು ಕತೆಯೂ ಹುಟ್ಟಿತು.

ಅವನ ಟಾಕಿ ಚಿತ್ರಗಳು ಈಗಲೂ ನೋಡಸಿಗುತ್ತವೆ. 1932ರ 'ಡೌನ್‌ಸ್ಟೇರ್ಸ್' ನೋಡಿ, 1933ರ 'ಕ್ವೀನ್ ಕ್ರಿಸ್ಟಿನಾ' ನೋಡಿ. ದನಿ ಸ್ವಲ್ಪ ಹಗುರ, ಅಷ್ಟೇ, ಕೀರಲೇನಲ್ಲ. ನನಗನ್ನಿಸುವುದು, ಜನ ನಕ್ಕಿದ್ದು ಮಾತಿಗೆ. ಮೂಕಿಯಲ್ಲಿ ಅವನು ಹುಡುಗಿಯ ಕೈ ಹಿಡಿದು ತುಟಿ ಆಡಿಸಿದಾಗ ನೋಡುವವರು ತಮಗೆ ಬೇಕಾದ ಮಾತನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಟಾಕಿಯಲ್ಲಿ 'ನಿನ್ನನ್ನು ಪ್ರೀತಿಸುತ್ತೇನೆ' ಎಂದು ಮತ್ತೆ ಮತ್ತೆ ಕೇಳಿಸಿದಾಗ ಆ ಮಾತು ಬಡವಾಯಿತು. ಗಿಲ್ಬರ್ಟ್ 1936ರ ಜನವರಿಯಲ್ಲಿ ತೀರಿಕೊಂಡ, 38ನೇ ವಯಸ್ಸಿಗೆ. 'ಕ್ವೀನ್ ಕ್ರಿಸ್ಟಿನಾ'ಕ್ಕೆ ಅವನೇ ಬೇಕೆಂದು ಹಟ ಹಿಡಿದವಳು ಗ್ರೇಟಾ ಗಾರ್ಬೊ. ಆ ಒಂದು ಕೆಲಸಕ್ಕೆ ಆಕೆಯ ಮೇಲೆ ನನಗೆ ತುಂಬಾ ಅಭಿಮಾನ.

ಆದರೆ ಹಳೇ ರೀಲು ಅವರು ಹೇಳಿದ ಭಾಷೆಯ ಸಂಗತಿ ಇಲ್ಲಿಯೂ ಇತ್ತು. ಎಮಿಲ್ ಯಾನಿಂಗ್ಸ್ ನೋಡಿ, ಅತ್ಯುತ್ತಮ ನಟ ಆಸ್ಕರ್ ಪಡೆದ ಮೊದಲಿಗ. ಜರ್ಮನ್ ಉಚ್ಚಾರಣೆಯ ಇಂಗ್ಲಿಷ್ ಆದ್ದರಿಂದ ಊರಿಗೆ ಹಿಂತಿರುಗಿದ. ಹಂಗೆರಿಯ ವಿಲ್ಮಾ ಬ್ಯಾಂಕಿ ಹಿಂದೆ ಸರಿದಳು. ಬ್ರೂಕ್ಲಿನ್‌ನ ಬಡಕೇರಿಯಲ್ಲಿ ಬೆಳೆದ ಕ್ಲಾರಾ ಬೋಗೆ ಮೈಕೆಂದರೆ ನಡುಕ. 1929ರಲ್ಲಿ ಆಕೆಯ ಮೊದಲ ಟಾಕಿ ತೆಗೆಯುವಾಗ ನಿರ್ದೇಶಕಿ ಡೊರೊಥಿ ಆರ್ಜ್ನರ್ ಮೀನಿನ ಗಾಳದ ಕೋಲಿಗೆ ಮೈಕು ಕಟ್ಟಿಸಿ ತಲೆಯ ಮೇಲೆ ಹಿಡಿಸಿದರು, ಆಕೆ ಮೊದಲಿನ ಹಾಗೆ ಓಡಾಡಲಿ ಅಂತ. ಒಬ್ಬ ನಟಿಯ ಕಷ್ಟ ನೋಡಿ ಯಂತ್ರವನ್ನೇ ಅವಳ ಹತ್ತಿರ ತಂದರು.

ಗಾರ್ಬೊ ಸ್ವೀಡನ್ನಿನವಳು. ಕಂಪನಿ ಎರಡು ವರ್ಷಕ್ಕೂ ಹೆಚ್ಚು ಕಾಯಿತು, ಸ್ವೀಡನ್ ಮೂಲದ ಹೆಣ್ಣಿನ ಪಾತ್ರವನ್ನೇ ಹುಡುಕಿತು. 1930ರಲ್ಲಿ 'ಆನ್ನಾ ಕ್ರಿಸ್ಟಿ'. 'ಗಾರ್ಬೊ ಮಾತಾಡುತ್ತಾಳೆ' ಎಂದೇ ಜಾಹೀರಾತು. ಉಚ್ಚಾರಣೆ ಪಾತ್ರಕ್ಕೆ ಹೊಂದಿದ್ದರಿಂದ ಅದು ಕೊರತೆಯಾಗಲಿಲ್ಲ.

ಅಂಕದ ಪರದೆ

ಸಾಗರದಾಚೆಯವರೇ, ಗಾರ್ಬೊ ಸಂಗತಿ ಓದಿ ನನ್ನ ಅಭಿಪ್ರಾಯ ಬದಲಾಗುತ್ತಿದೆ. ಪ್ರತಿಭೆ ಇದ್ದವರು ಉಳಿದರು ಎಂದಿದ್ದೆ. ಗಾರ್ಬೊಗೆ ಪಾತ್ರ ಹುಡುಕಿ ತಂದರು, ಕ್ಲಾರಾ ಬೋಗೆ ಮೈಕು ತಲೆ ಮೇಲೆ ಬಂತು. ಸುಲೋಚನಾಗೆ ಹೊಂದುವಂಥ ಪಾತ್ರವನ್ನು ಯಾರಾದರೂ ಬರೆದರೇ? ಮುಂಬಯಿಯ ಯೆಹೂದಿ ಹುಡುಗಿ, ಆಂಗ್ಲೋ ಇಂಡಿಯನ್ ಹುಡುಗಿ, ಒಡಕು ಹಿಂದೂಸ್ತಾನಿ ಮಾತಾಡುವವಳು. ಅಂಥವರು ಆ ಊರಿನ ಬೀದಿಬೀದಿಯಲ್ಲಿ ಇದ್ದರು. ತೆರೆಯ ಮೇಲೆ ಮಾತ್ರ ಅವರಿಗೆ ಜಾಗವಿರಲಿಲ್ಲ.

ಹಳೇ ರೀಲು

ನೀವು ಹೇಳಿದ್ದು ಬಹಳ ಮುಖ್ಯ. ಅದಕ್ಕೆ ಹಿನ್ನೆಲೆ ಸೇರಿಸುತ್ತೇನೆ.

1913ರಲ್ಲಿ ಫಾಲ್ಕೆ 'ರಾಜಾ ಹರಿಶ್ಚಂದ್ರ' ತೆಗೆದಾಗ ತಾರಾಮತಿ ಪಾತ್ರಕ್ಕೆ ಹೆಂಗಸರು ಸಿಗಲಿಲ್ಲ, ಸಾಳುಂಕೆ ಎಂಬ ಯುವಕ ಸೀರೆ ಉಟ್ಟ. ನಾಲ್ಕು ವರ್ಷ ಕಳೆದು 'ಲಂಕಾ ದಹನ'ದಲ್ಲಿ ಅದೇ ಸಾಳುಂಕೆ ರಾಮನೂ ಆದ, ಸೀತೆಯೂ ಆದ. ಮರ್ಯಾದಸ್ಥರ ಮನೆಯ ಹೆಣ್ಣು ಕ್ಯಾಮೆರಾ ಮುಂದೆ ಬರಬಾರದು ಎಂದು ಎಲ್ಲರೂ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಬಂದು ನಿಂತವರಲ್ಲಿ ಈ ಯೆಹೂದಿ, ಆಂಗ್ಲೋ ಇಂಡಿಯನ್ ಹುಡುಗಿಯರು ಮುಂದಿದ್ದರು. ಪೇಷನ್ಸ್ ಕೂಪರ್ ಬಂದರು. ರೀನೀ ಸ್ಮಿತ್ ಎಂಬಾಕೆ ಸೀತಾದೇವಿ ಎಂಬ ಹೆಸರಲ್ಲಿ ಹಿಮಾಂಶು ರಾಯ್, ಫ್ರಾಂಜ್ ಓಸ್ಟೆನ್ ಅವರ 'ಪ್ರೇಮ ಸನ್ಯಾಸ' (1925) ಚಿತ್ರದಲ್ಲಿ ಗೋಪೆ, ಅಂದರೆ ಯಶೋಧರೆಯಾದರು. ರೂಬಿ ಸುಲೋಚನಾ ಆದರು. ಹೆಸರು ಬದಲಿಸಿದರೆ ಸಾಕಿತ್ತು, ತೆರೆಯ ಮೇಲೆ ಪೌರಾಣಿಕ ಸತಿಯಾಗಬಹುದಿತ್ತು. ಮೌನ ಅವರನ್ನು ಕಾಪಾಡಿತ್ತು.

ಟಾಕಿ ಬಂದ ಮರುವರ್ಷವೇ ದುರ್ಗಾ ಖೋಟೆ 'ಅಯೋಧ್ಯೇಚಾ ರಾಜಾ'ದಲ್ಲಿ ತಾರಾಮತಿಯಾದರು. 1933ಕ್ಕೆ ದೇವಿಕಾ ರಾಣಿ ಬಂದರು. ಇಬ್ಬರೂ ಪ್ರತಿಷ್ಠಿತ ಮನೆತನದವರು, ದೊಡ್ಡ ಕಲಾವಿದೆಯರು, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಸಿನಿಮಾಕ್ಕೆ ಮಾನ ಬಂತು ಅಂತ ಪತ್ರಿಕೆಗಳು ಸಂಭ್ರಮಿಸಿದ ಹೊತ್ತಿನಲ್ಲೇ, ಮಾನ ಇಲ್ಲದ ಕಾಲದಲ್ಲಿ ಸಿನಿಮಾವನ್ನು ಹೊತ್ತ ಹುಡುಗಿಯರು ಸದ್ದಿಲ್ಲದೆ ಹೊರಗೆ ಹೋದರು. ಸೀತಾದೇವಿ ಮಾತಿನ ಯುಗದಲ್ಲಿ ಮರೆಯಾದರು.

ಸುಲೋಚನಾಗೆ ಒಂದು ವರ್ಷ ಕಲಿಯಲು ಆದದ್ದು ಕೈಯಲ್ಲಿ ದುಡ್ಡಿದ್ದದ್ದರಿಂದ. ಸಖಿಯ ಪಾತ್ರ, ನರ್ತಕಿಯ ಪಾತ್ರ ಮಾಡಿ ದಿನಗೂಲಿ ಪಡೆಯುತ್ತಿದ್ದ ಹುಡುಗಿಗೆ ಆ ವರ್ಷ ಯಾರು ಕೊಡಬೇಕು?

ಕಂಠದಾನ

ಆ ಒಂದು ವರ್ಷ ಕಲಿತ ಮೇಲೆ ಸುಲೋಚನಾಗೆ ಏನಾಯಿತು? ಅದನ್ನು ನೀವು ಹೇಳಲೇ ಇಲ್ಲ.

ಹಳೇ ರೀಲು

ಹೌದಲ್ಲ, ಕ್ಷಮಿಸಿ. 1932ರಲ್ಲಿ 'ಮಾಧುರಿ' ಟಾಕಿಯಲ್ಲಿ ಬಂದರು, ಸ್ವತಃ ಹಾಡಿದರು. ಜನ ಸ್ವೀಕರಿಸಿದರು. ಅದು ಅವರದೇ 1928ರ ಮೂಕಿ 'ಮಾಧುರಿ'ಯ ಮರುರೂಪ. ಆಮೇಲೆ ಒಂದರ ಹಿಂದೆ ಒಂದು ಹೀಗೇ. ಮೂಕಿಯ 'ಇಂದಿರಾ ಬಿ.ಎ.' 1934ರಲ್ಲಿ 'ಇಂದಿರಾ ಎಂ.ಎ.' ಆಯಿತು. 1928ರ 'ಅನಾರ್ಕಲಿ' 1935ರಲ್ಲಿ ಮತ್ತೆ ಬಂತು. ಎಂಟು ವೇಷದ ಚಿತ್ರ 1936ರಲ್ಲಿ 'ಬಂಬಯಿ ಕಿ ಬಿಲ್ಲಿ' ಆಯಿತು. ಅಂದರೆ ತಾನು ಮೌನದಲ್ಲಿ ಮಾಡಿದ್ದನ್ನೆಲ್ಲ ಮಾತಿನಲ್ಲಿ ಮತ್ತೊಮ್ಮೆ ಮಾಡಿ ತೋರಿಸಿದರು. ಕೆಲವರು ಇದನ್ನು ಹೊಸ ಕತೆ ಸಿಗದ ಬಡತನ ಎಂದು ನೋಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾನು ಅದೇ ನಟಿ, ಇನ್ನೂ ಇಲ್ಲೇ ಇದ್ದೇನೆ ಎಂದು ಹೇಳಲು ಅವರಿಗಿದ್ದ ದಾರಿ ಅದೊಂದೇ.

ಆದರೂ ಇಪ್ಪತ್ತರ ದಶಕದ ಆ ಎತ್ತರ ಮತ್ತೆ ಸಿಗಲಿಲ್ಲ. ಮೂವತ್ತರ ದಶಕ ಮುಗಿಯುವಷ್ಟರಲ್ಲಿ ನಾಯಕಿ ಪಾತ್ರಗಳು ನಿಂತವು, ಆಮೇಲೆ ಸಣ್ಣ ಪಾತ್ರಗಳು. 1973ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. 1983ರಲ್ಲಿ ತೀರಿಕೊಂಡರು.

ಕಂಠದಾನ

ನನ್ನ ಕೆಲಸದ ಕಡೆಯಿಂದ ಒಂದು ಮಾತು. ನಾನು ಮೊದಲು ಬರೆದೆ, ಇವತ್ತಾಗಿದ್ದರೆ ನಾವು ದನಿ ಕೊಡುತ್ತಿದ್ದೆವು ಅಂತ. ರಾತ್ರಿ ಮಲಗಿದ ಮೇಲೆ ಅದೇ ಯೋಚನೆ. ಅವರಿಗೆ ಅದು ಇಷ್ಟವಾಗುತ್ತಿತ್ತೇ? ನಾನು ದನಿ ಕೊಟ್ಟ ಒಬ್ಬ ಕಲಾವಿದೆ ಒಮ್ಮೆ ಸ್ಟುಡಿಯೋಕ್ಕೆ ಬಂದು ಗಾಜಿನ ಆಚೆ ಕೂತು ಕೇಳಿಸಿಕೊಂಡರು. ಅಳುವ ದೃಶ್ಯ. ನಾನು ಅತ್ತೆ. ಹೊರಗೆ ಬಂದಾಗ ಅವರು ನನ್ನ ಕೈ ಹಿಡಿದು 'ಚೆನ್ನಾಗಿತ್ತು, ಆದರೆ ನಾನು ಹೀಗೆ ಅಳುವುದಿಲ್ಲ' ಎಂದರು. ಅವರ ಕಣ್ಣಿನ ಅಳು ಬೇರೆ, ನನ್ನ ಗಂಟಲಿನ ಅಳು ಬೇರೆ. ಪ್ರೇಕ್ಷಕರಿಗೆ ಅದು ಗೊತ್ತಾಗದಂತೆ ಕೂಡಿಸುವುದೇ ನನ್ನ ಹೊಟ್ಟೆಪಾಡು. ಸುಲೋಚನಾ ವರ್ಷವಿಡೀ ಕೂತು ಕಲಿತು ತಮ್ಮದೇ ಅಳುವನ್ನು ಉಳಿಸಿಕೊಂಡರು ಅಂತ ಈಗ ಅನ್ನಿಸುತ್ತಿದೆ.

ಇನ್ನೊಬ್ಬರ ಬಗ್ಗೆ ಸಾಗರದಾಚೆಯವರು ಬರೆಯಬಹುದಾ? ರೇಮಂಡ್ ಗ್ರಿಫಿತ್ ಅಂತ. ನಮ್ಮ ಸೌಂಡ್ ಇಂಜಿನಿಯರ್ ಒಬ್ಬರು ಒಮ್ಮೆ ಹೇಳಿದ್ದರು, ಪೂರ್ತಿ ನೆನಪಿಲ್ಲ.

ಸಾಗರದಾಚೆ

ಖಂಡಿತ ಮೇಡಂ. ಗ್ರಿಫಿತ್ ಮೂಕಿ ಹಾಸ್ಯನಟ, ರೇಷ್ಮೆ ಟೋಪಿ, ನೀಟಾದ ಉಡುಪು. ಗಂಟಲಿಗೆ ಹಾನಿಯಾಗಿ ಪಿಸುಮಾತಿಗಿಂತ ಮೇಲೆ ಸ್ವರ ಏರುತ್ತಿರಲಿಲ್ಲ. ದನಿಯ ಕಾರಣಕ್ಕೇ ನಟನೆ ನಿಲ್ಲಿಸಬೇಕಾದವರು ಯಾರಾದರೂ ಇದ್ದರೆ ಅದು ನಿಜವಾಗಿ ಇವರೊಬ್ಬರು. 1930ರಲ್ಲಿ ಲೂಯಿಸ್ ಮೈಲ್‌ಸ್ಟೋನ್ 'ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್' ತೆಗೆದರು. ಅದರಲ್ಲಿ ಗುಂಡಿಯೊಳಗೆ ಜರ್ಮನ್ ಹುಡುಗನೊಬ್ಬ ಫ್ರೆಂಚ್ ಸೈನಿಕನನ್ನು ಇರಿಯುತ್ತಾನೆ, ಆಮೇಲೆ ರಾತ್ರಿಯಿಡೀ ಅವನ ಪಕ್ಕದಲ್ಲೇ ಸಿಕ್ಕಿಬೀಳುತ್ತಾನೆ. ಹುಡುಗ ಕ್ಷಮೆ ಕೇಳುತ್ತಾನೆ, ಅಳುತ್ತಾನೆ, ಬೇಡುತ್ತಾನೆ. ಸಾಯುತ್ತಿರುವವನು ಏನೂ ಹೇಳುವುದಿಲ್ಲ, ಬರೀ ನೋಡುತ್ತಾನೆ. ಆ ಫ್ರೆಂಚ್ ಸೈನಿಕ ಗ್ರಿಫಿತ್. ಚಿತ್ರದ ತುಂಬ ಫಿರಂಗಿ ಸದ್ದು, ಕೂಗಾಟ. ನೆನಪಲ್ಲಿ ಉಳಿಯುವುದು ಆ ಮುಖ. ನಮ್ಮ ಥಿಯೇಟರಿನಲ್ಲಿ ಆ ದೃಶ್ಯ ಬಂದಾಗ ಯಾರೂ ಕೆಮ್ಮುವುದು ಕೂಡ ಇಲ್ಲ.

ಗ್ರಿಫಿತ್ ಆಮೇಲೆ ಕ್ಯಾಮೆರಾದ ಹಿಂದೆ ನಿರ್ಮಾಪಕನಾಗಿ ಚೆನ್ನಾಗಿ ಬದುಕಿದರು.

ಟೋಕಿಯೊದಿಂದ

ಧಾರವಾಡದ ಓದುಗರ ಮುತ್ತಜ್ಜನ ಪಕ್ಕದಲ್ಲಿ ನಿಂತು ಕತೆ ಹೇಳುತ್ತಿದ್ದವರ ಬಗ್ಗೆ ಓದಿ ಬರೆಯುತ್ತಿದ್ದೇನೆ. ಜಪಾನಿನಲ್ಲಿ ಅವರಿಗೆ ಬೆನ್ಶಿ ಎನ್ನುತ್ತಾರೆ. ಇಲ್ಲಿ ಅವರು ತಾರೆಗಳೇ ಆಗಿದ್ದರು, ಪೋಸ್ಟರಿನಲ್ಲಿ ಅವರ ಹೆಸರು ಬರುತ್ತಿತ್ತು. ಅವರ ಬಲದಿಂದಲೇ ಜಪಾನಿನಲ್ಲಿ ಮೂಕಿ ಚಿತ್ರ ಮೂವತ್ತರ ದಶಕದ ನಡುವಿನವರೆಗೂ ಬದುಕಿತ್ತು. ಹೆಸರಾಂತ ನಿರ್ದೇಶಕ ಓಜು ಅವರ ಮೊದಲ ಟಾಕಿ 1936ರದ್ದು. ಕೆಲಸ ಹೋಗುವಾಗ ಬೆನ್ಶಿಗಳು ಮುಷ್ಕರ ಹೂಡಿದರು, ಸೋತರು. ಅಕಿರ ಕುರೊಸಾವಾ ಅವರ ಅಣ್ಣ ಹೈಗೊ ಬೆನ್ಶಿಯಾಗಿದ್ದವರು. 1933ರಲ್ಲಿ ಜೀವ ತೆಗೆದುಕೊಂಡರು. ತಮ್ಮನಿಗೆ ಸಿನಿಮಾದ ರುಚಿ ಹತ್ತಿಸಿದವರು ಅವರೇ. ಕುರೊಸಾವಾ ತಮ್ಮ ಆತ್ಮಕತೆಯಲ್ಲಿ ಅಣ್ಣನ ಬಗ್ಗೆ ಬರೆದಿದ್ದಾರೆ.

ಎಲ್ಲರ ಗತಿಯೂ ಹಾಗಾಗಲಿಲ್ಲ. ತೊಕುಗಾವಾ ಮುಸೈ ರೇಡಿಯೊಕ್ಕೆ ಹೋಗಿ ಇನ್ನಷ್ಟು ಹೆಸರು ಮಾಡಿದರು. ಇಲ್ಲಿ ಈಗಲೂ ಬೆರಳೆಣಿಕೆಯ ಬೆನ್ಶಿಗಳಿದ್ದಾರೆ. ಹೋದ ಚಳಿಗಾಲ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಅರ್ಧ ಮಾತು ಅರ್ಥವಾಗಲಿಲ್ಲ, ಆದರೂ ಕಣ್ಣು ತೆರೆಯಿಂದ ಅವರ ಕಡೆಗೇ ಹೋಗುತ್ತಿತ್ತು. ನಿಮ್ಮ ಅಜ್ಜಿ ಹೇಳಿದ್ದು ಅಕ್ಷರಶಃ ನಿಜ.

ಧಾರವಾಡದ ಓದುಗ

ಇದನ್ನ ನಮ್ಮ ಅವ್ವಗ ಓದಿ ಹೇಳಿದೆ. ಅಲ್ಲೆ ಇನ್ನೂ ಅದಾರಾ ಅಂತ ಎರಡ ಸಲ ಕೇಳಿದಳು. ನಮ್ಮ ಕಡೆ ಆ ಕತಿ ಹೇಳಾವನ ಹೆಸರೂ ಯಾರಿಗೂ ನೆನಪಿಲ್ಲ.

ಒಂದು ಕೇಳ್ತೀನಿ, 'ಆಲಂ ಆರಾ', 'ಸತಿ ಸುಲೋಚನಾ' ಎಲ್ಲೆರ ನೋಡಾಕ ಸಿಗತಾವೇನ್ರಿ?

ಹಳೇ ರೀಲು

ಎರಡೂ ಉಳಿದಿಲ್ಲ ಸರ್. 'ಆಲಂ ಆರಾ'ದ ಪ್ರತಿ ಎಲ್ಲಿಯೂ ಇಲ್ಲ. 'ಸತಿ ಸುಲೋಚನಾ'ದ್ದೂ ಅಷ್ಟೇ. ಕೊಲ್ಹಾಪುರದಲ್ಲಿ ತಯಾರಾಗಿ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್‌ನಲ್ಲಿ ಬಿಡುಗಡೆಯಾದ ಚಿತ್ರದ ಒಂದು ಅಡಿ ರೀಲೂ ನಮಗೆ ಸಿಕ್ಕಿಲ್ಲ. ನಮ್ಮ ಮೂಕಿ ಚಿತ್ರಗಳು ಸಾವಿರಕ್ಕೂ ಹೆಚ್ಚಿದ್ದವು, ಉಳಿದದ್ದು ಬಹಳ ಕಡಿಮೆ. ಪುಣೆಯ ಫಿಲ್ಮ್ ಆರ್ಕೈವ್ ಶುರುವಾದದ್ದೇ 1964ರಲ್ಲಿ, ಅಷ್ಟರಲ್ಲಿ ಎಷ್ಟೋ ರೀಲು ಪುಡಿಯಾಗಿ ಹೋಗಿತ್ತು. ಪಿ.ಕೆ. ನಾಯರ್ ಅವರು ಊರೂರು ಅಲೆದು ಹುಡುಕದಿದ್ದರೆ ಇಷ್ಟೂ ಇರುತ್ತಿರಲಿಲ್ಲ.

ನೋಡಸಿಗುವುದು ಸೀತಾದೇವಿಯವರ 'ಪ್ರೇಮ ಸನ್ಯಾಸ', 'ಶಿರಾಜ್', 'ಎ ಥ್ರೋ ಆಫ್ ಡೈಸ್'. ಮೂರೂ ಉಳಿದಿವೆ. ಮೊದಲು 'ಎ ಥ್ರೋ ಆಫ್ ಡೈಸ್' ನೋಡಿ, ಅವರ ಕಣ್ಣು ನೋಡಿ.

ಸು­ಲೋಚನಾ ಅವರನ್ನು ನೋಡಬೇಕಿದ್ದರೆ 1953ರ 'ಅನಾರ್ಕಲಿ' ಸುಲಭವಾಗಿ ಸಿಗುತ್ತದೆ. ಬೀನಾ ರಾಯ್ ಅನಾರ್ಕಲಿ. ಮೂಕಿಯಲ್ಲಿ ಒಮ್ಮೆ, ಟಾಕಿಯಲ್ಲಿ ಒಮ್ಮೆ ಅನಾರ್ಕಲಿಯಾಗಿದ್ದ ಸುಲೋಚನಾ ಇದರಲ್ಲಿ ಸಲೀಮನ ತಾಯಿ ಜೋಧಾಬಾಯಿ. ಅವರು ಮಾತಾಡುವಾಗ ಕಿವಿಗೊಟ್ಟು ಕೇಳಿ.

ಅಂಕದ ಪರದೆ

ಈಗಷ್ಟೇ ಹಾಕಿ ನೋಡಿದೆ. ತೂಕದ ಮಾತು. ಉಚ್ಚಾರಣೆ ನನ್ನ ಹಿಂದಿಗಿಂತ ಸಾವಿರ ಪಾಲು ಚೆನ್ನಾಗಿದೆ.

ಧಾರವಾಡದ ಓದುಗ

ಅವ್ವ ಅಟ್ಟದ ಮ್ಯಾಲಿಂದ ಮುತ್ತಜ್ಜನ ಪೇಟಿ ಇಳಿಸಾಕ ಹೇಳ್ಯಾಳ. ತಿದಿ ಹರದೈತಿ, ಎರಡು ಮನಿ ನುಡಿಯೂದಿಲ್ಲ. ನಾಳೆ ಬೆಳಕಿದ್ದಾಗ ಫೋಟೋ ತಗದು ಇಲ್ಲೇ ಹಾಕ್ತೀನಿ. ಹುಬ್ಬಳ್ಳಿ ಕಡೆ ಹಳೇ ಪೇಟಿ ರಿಪೇರಿ ಮಾಡಾವರು ಯಾರರ ಗೊತ್ತಿದ್ರ ತಿಳಸ್ರಿ.